ಪೂಜೆಯ ಚೊಂಬು

ನೆಲದಡಿಯ ತಾಮ್ರವೆಲ್ಲ ಮುಗಿದ ಮೇಲೆ, ತಂತಿ ಬೇಕೆಂದವರು ಅಷ್ಟೇ ತೂಕದ ತಾಮ್ರ ಕೊಡಬೇಕಿತ್ತು. ಪಾಲಯ್ಯನ ಉಸಿರಾಟದ ಯಂತ್ರದ ತಂತಿಯನ್ನು ಯಾರೋ ಕತ್ತರಿಸಿಕೊಂಡು ಹೋಗಿದ್ದರು. ಸೊಸೆ ಕೈಪಂಪಿನಿಂದ ಅವನಿಗೆ ಗಾಳಿ ಒತ್ತುತ್ತ ಕೂತಳು. ಹೆಂಡತಿ ಓಬಕ್ಕ ಪೂಜೆಯ ಚೊಂಬನ್ನು ಸೆರಗಿನಲ್ಲಿ ಸುತ್ತಿಕೊಂಡು ಚಿತ್ರದುರ್ಗದ ತಾಮ್ರದ ಡಿಪೋಗೆ ಓಡಿದಳು. ತಳದಲ್ಲಿ ಕೆತ್ತಿದ್ದ ತೂಕ ತಂತಿಗೆ ಸರಿಹೋಗುತ್ತಿತ್ತು.

ಆದರೆ ತಕ್ಕಡಿಯಲ್ಲಿ ಚೊಂಬಿನ ತಟ್ಟೆ ಕೆಳಗಿಳಿಯಲಿಲ್ಲ.

ತೂಗುವವನು ಚೊಂಬಿನ ಹೊಳಪು ನೋಡಿದ. "ದಿನಾ ಹುಣ್ಸೆಹಣ್ಣು ಹಾಕಿ ತಿಕ್ತಿದ್ಯೇನಮ್ಮ?"

"ಹ್ಞೂ ಕಣಪ್ಪ. ಮದ್ವೆಯಾದಾಗಿಂದ ಒಂದಿನಾನೂ ಬಿಟ್ಟಿಲ್ಲ."

"ಹುಳಿ ಜೊತೆ ತಾಮ್ರಾನೂ ತೊಳ್ಕೊಂಡು ಹೋಗೈತೆ. ತೂಕ ಕಮ್ಮಿ. ತಂತಿ ಕೊಡಾಕಾಗಲ್ಲ."

"ಎಲ್ಲಿಗೋಗ್ತೈತಪ್ಪ? ತೊಳೆದ ನೀರೆಲ್ಲ ನಮ್ಮ ತುಳಸಿ ಬುಡಕ್ಕೇ ಹುಯ್ದಿದ್ದು."

"ಮಣ್ಣಿಗೆ ಹೋಗಿದ್ದು ವಾಪಸ್ ಬರಲ್ಲ ಕಣಮ್ಮ."

ಹಿಂದೆ ನಿಂತಿದ್ದವನ ಚೊಂಬು ಎಂದೂ ತೊಳೆಯದೆ ಕರ್ರಗಾಗಿತ್ತು. ಅದು ಸರಿಯಾಗಿ ತೂಗಿತು. ಅವನು ತಂತಿಯ ಸುರುಳಿ ಹೆಗಲಿಗೆ ಹಾಕಿಕೊಂಡು ಹೊರಟುಹೋದ.

ಓಬಕ್ಕ ಮನೆ ಸೇರುವ ಹೊತ್ತಿಗೆ ಸೊಸೆ ಪಂಪು ಕೆಳಗಿಟ್ಟಿದ್ದಳು. ಅತ್ತೆಯ ಸೆರಗಿನ ಗಂಟು ನೋಡಿ ಕೈ ಚಾಚಿದಳು.

"ಚೊಂಬು ಕೊಡಿ ಅತ್ತೆ. ಮಾವನ ಬಾಯಿಗೆ ನೀರು ಬಿಡಬೇಕು."