ಪುಡಿ ಬೆರೆಸದ ನೀರು

ಮೈಕ್ರೋಸ್ಕೋಪಿಗೆ ಕಣ್ಣಿಟ್ಟ ಭುವನಾ ಕಣ್ಣುಜ್ಜಿಕೊಂಡು ಮತ್ತೆ ನೋಡಿದಳು. ಇಲಿಯ ದೊಡ್ಡ ಕರುಳಿನ ಒಳಪದರಕ್ಕೆ, ರೋಗದ ಜೊತೆ ಕಾದಾಡುವ ಬಿಳಿ ರಕ್ತಕಣಗಳು ಬೆಲ್ಲಕ್ಕೆ ಇರುವೆ ಮುತ್ತಿದ ಹಾಗೆ ಮುತ್ತಿಕೊಂಡಿದ್ದವು. ಉರಿಯೂತ ಬರಿಸುವ ಪುಡಿ ಕಲಸಿದ ನೀರು ಕುಡಿದ ಇಲಿಗಳಲ್ಲಾದರೆ ಅದು ಸರಿಯೇ. ಆದರೆ ಇದು ಹೋಲಿಕೆಗೆಂದು ಬರೀ ನೀರು ಕುಡಿಸಿ ಸಾಕಿದ ಇಲಿ! ಇನ್ನೊಂದನ್ನು ನೋಡಿದಳು, ಮತ್ತೊಂದನ್ನು ನೋಡಿದಳು. ಎಲ್ಲದರದ್ದೂ ಅದೇ ಕಥೆ.

ಬಾಟಲಿ ಅದಲುಬದಲು ಮಾಡಿಬಿಟ್ಟೆನೇ? ಇಷ್ಟು ವರ್ಷದ ಕೆಲಸವೆಲ್ಲ ಹೊಳೆಯಲ್ಲಿ ಹುಣಸೆಹಣ್ಣು ತೊಳೆದ ಹಾಗಾಯಿತಲ್ಲ! ಕಣ್ಣೊರೆಸಿಕೊಳ್ಳುತ್ತಲೇ ಹೋಗಿ ತನ್ನ ಪಿಎಚ್‌ಡಿ ಗೈಡ್ ಮುಂದೆ ನಿಂತಳು. ಮೊದಲೇ ಸಿಡುಕಿನ ಮನುಷ್ಯ. ಈಚೆಗೆ ಬಿಡದ ಹೊಟ್ಟೆನೋವು ಬೇರೆ.

ವಿಷಯ ಕೇಳಿ ಅವರು ಬೈಯಲಿಲ್ಲ. ಮೂಲೆಯ ಕ್ಯಾನಿನಿಂದ ಒಂದು ಲೋಟ ನೀರು ಹಿಡಿದು ಕೊಟ್ಟರು.

"ಮೊದಲು ಕುಡಿ. ಅಳಬೇಡ."

ಅವಳು ಗಟಗಟನೆ ಕುಡಿದಳು.

"ಪುಡಿ ಆ ಬಾಟಲಿಗಳಿಗೂ ಬಿದ್ದಿರಬಹುದಾ?"

"ಇಲ್ಲ ಸರ್. ಪುಡಿ ಕಲಸೋದು ಬೇರೆ ಕೋಣೇಲಿ. ಇವು ಹೊಸ ಬಾಟಲಿ, ನಾನೇ ತೊಳೆದು ತುಂಬಿಸಿದ್ದು."

"ಮತ್ತೆ ಕರುಳು ಹೀಗಾಗೋಕೆ ಏನು ಕುಡಿಸಿದೆ ಮಾರಾಯ್ತಿ?" ಅವರು ಹೊಟ್ಟೆ ಒತ್ತಿ ಹಿಡಿದುಕೊಂಡೇ ಕೇಳಿದರು. "ನೀರು ಎಲ್ಲಿಂದ ತಂದೆ?"

ಭುವನಾ ಕೈಯಲ್ಲಿದ್ದ ಖಾಲಿ ಲೋಟವನ್ನು ನೋಡಿದಳು.

"ನಲ್ಲಿ ನೀರಲ್ಲಿ ಏನಿರುತ್ತೋ ಅಂತ ಹೆದರಿ, ನಾವೆಲ್ಲ ಕುಡಿಯೋ ಈ ಕ್ಯಾನಿನ ನೀರನ್ನೇ ಹಾಕಿದೆ ಸರ್."