ಅಜ್ಜ ತೆಗೆದ ನೆಲ

"ಅಮ್ಮಾ, ಹತ್ತು ನಿಮಿಷದಿಂದ ಬರೀ ನೆಲಾನೇ ಬರ್ತಿದೆ. ನಿಲ್ಲಿಸ್ಬಿಡ್ಲಾ?"

ಮಗಳು ಕೇಳಿದಾಗ ತಾಯಿ ಒಣಗಿದ ಬಟ್ಟೆಗಳ ರಾಶಿಯ ನಡುವೆ ಕೂತು ಒಂದೊಂದಾಗಿ ಮಡಚುತ್ತಿದ್ದಳು. ಮೇಜಿನ ಮೇಲೆ ಹಳೆಯ ಕ್ಯಾಮ್‌ಕಾರ್ಡರ್ ಗರಗರ ಎನ್ನುತ್ತಾ ಟೇಪು ಸುತ್ತುತ್ತಿತ್ತು. ಅದರ ವೈರು ಸಿಕ್ಕಿಸಲು ಹೊಸ ಲ್ಯಾಪ್‌ಟಾಪಿನಲ್ಲಿ ಜಾಗವೇ ಇರಲಿಲ್ಲ. ಮಗಳು ಅಟ್ಟದ ಮೇಲಿದ್ದ ಹಳೇ ಕಂಪ್ಯೂಟರನ್ನು ಇಳಿಸಿ, ಧೂಳು ಕೊಡವಿ, ಲಿನಕ್ಸ್ ತಂತ್ರಾಂಶ ಹಾಕಿ, ಎರಡು ದಿನ ಒದ್ದಾಡಿ ಕ್ಯಾಮೆರಾವನ್ನು ಅದಕ್ಕೆ ಜೋಡಿಸಿದ್ದಳು. ಟೇಪು ಓಡಿದಂತೆಲ್ಲ ಕಂಪ್ಯೂಟರು ಅದನ್ನು ತನ್ನೊಳಗೆ ಇಳಿಸಿಕೊಳ್ಳುತ್ತದೆ. ಒಂದು ಗಂಟೆಯ ಟೇಪಿಗೆ ಒಂದು ಗಂಟೆಯೇ ಬೇಕು. ಬೇಗ ಮುಂದಕ್ಕೆ ಓಡಿಸಿದರೆ ಹಳೇ ಟೇಪು ಎಲ್ಲಿ ತುಂಡಾಗುತ್ತದೋ ಎಂಬ ಭಯ ಬೇರೆ.

"ಇರಲಿ ಬಿಡು, ಓಡಲಿ," ಎಂದಳು ತಾಯಿ.

ಇಷ್ಟೆಲ್ಲ ಅಜ್ಜಿಗಾಗಿ. ಅಜ್ಜ ಹೋಗಿ ಮೂರು ವರ್ಷವಾಗಿತ್ತು. ಹೋದ ವಾರ ತರಕಾರಿ ಹೆಚ್ಚುತ್ತಿದ್ದ ಅಜ್ಜಿ ಇದ್ದಕ್ಕಿದ್ದಂತೆ ಕೈ ನಿಲ್ಲಿಸಿ, "ಮುಖ ಫೋಟೋದಲ್ಲಿದೆ ಕಣೇ. ದನಿ ಮರ್ತು ಹೋಗ್ತಾ ಇದೆ," ಎಂದಿದ್ದರು. ಹುಡುಕಿದರೆ ಮನೆಯಲ್ಲಿ ಆ ದನಿ ಎಲ್ಲೂ ಇರಲಿಲ್ಲ. ಇದ್ದರೆ ಇದೊಂದು ಟೇಪಿನಲ್ಲಿ ಮಾತ್ರ. ಇದೇ ಮೊಮ್ಮಗಳ ಮೊದಲ ಹುಟ್ಟುಹಬ್ಬದ ದಿನ ಅಜ್ಜ ತೆಗೆದದ್ದು. ಅಂದು ಸಂಜೆ ಕ್ಯಾಮೆರಾದ ಪುಟ್ಟ ಪರದೆಯಲ್ಲಿ ನೋಡಿದರೆ ಕೇಕೂ ಇಲ್ಲ, ಮಗುವೂ ಇಲ್ಲ, ಬರೀ ನೆಲ. ಮನೆಮಂದಿಯೆಲ್ಲ ಬಿದ್ದು ಬಿದ್ದು ನಕ್ಕಿದ್ದರು. ಎಲ್ಲರಿಗಿಂತ ಜೋರಾಗಿ ನಕ್ಕವರು ಅಜ್ಜಿ. ಕ್ಯಾಮೆರಾವನ್ನು ಚೀಲಕ್ಕೆ ಹಾಕಿಟ್ಟ ಅಜ್ಜ ಮತ್ತೆ ಅದನ್ನು ಮುಟ್ಟಲೇ ಇಲ್ಲ.

ಈಗ ಅಜ್ಜಿ ಬಾಗಿಲ ಬಳಿಯ ಕುರ್ಚಿಯಲ್ಲಿ, ಪರದೆಗೆ ಅರ್ಧ ಬೆನ್ನು ಹಾಕಿ ಕೂತಿದ್ದರು. "ನಾನು ಆಗ್ಲೇ ಹೇಳ್ಲಿಲ್ವಾ? ಅದ್ರಲ್ಲೇನಿದೆ ಮಣ್ಣು!"

"ಸ್ವಲ್ಪ ತಾಳಿ ಅತ್ತೆ," ಎಂದಳು ತಾಯಿ.

ಪರದೆಯಲ್ಲಿ ಚಪ್ಪಲಿ ಹಾಕಿದ ಎರಡು ಪಾದಗಳು ನಡೆಯುತ್ತಿದ್ದವು. ಎಲ್ಲೋ ದೂರದಲ್ಲಿ ಮಕ್ಕಳ ಗದ್ದಲ. ಆಮೇಲೆ ತೀರ ಹತ್ತಿರದಿಂದ, "ಎಲ್ಲಾ ಇಲ್ಲಿ ನೋಡಿ. ಮಗೂನ ಎತ್ಕೊಳ್ಳಿ. ಹಾಂ, ಶುರು!" ಎಂಬ ದನಿ. ಟಕ್ ಎಂದು ಚಿತ್ರ ಹಾರಿತು. ಮತ್ತೆ ಅದೇ ನೆಲ, ಮತ್ತೆ ಅದೇ ದನಿ: "ಆಯ್ತು. ಬಹಳ ಚೆನ್ನಾಗಿ ಬಂತು."

ಮಗಳು ಕುರ್ಚಿಯಲ್ಲೇ ಕುಪ್ಪಳಿಸಿದಳು. "ಅಯ್ಯೋ, ಅಜ್ಜ ಗುಂಡಿ ಉಲ್ಟಾ ಒತ್ತಿದಾರೆ! ಶುರು ಅಂದಾಗ ನಿಂತಿದೆ, ಆಯ್ತು ಅಂದಾಗ ಶುರುವಾಗಿದೆ!"

ಈ ಸಲ ಅಜ್ಜಿ ನಗಲಿಲ್ಲ. ಕುರ್ಚಿಯನ್ನು ಪರದೆಯ ಕಡೆಗೆ ತಿರುಗಿಸಿಕೊಂಡರು. ಒಂದಾದ ಮೇಲೊಂದು ತುಣುಕು ಬರುತ್ತಲೇ ಇತ್ತು. ಪ್ರತಿಯೊಂದರ ಮೊದಲಲ್ಲಿ "ಚೆನ್ನಾಗಿ ಬಂತು" ಎಂಬ ಹೆಮ್ಮೆ, ಕೊನೆಯಲ್ಲಿ "ಹಾಂ, ಶುರು!" ಎಂಬ ಉತ್ಸಾಹ, ನಡುವೆ ಮಾತ್ರ ಕೆಮ್ಮು, ಕಾಲು, ನೆಲ.

"ಅಮ್ಮಾ, ಡಿಸ್ಕ್ ತುಂಬ್ತಾ ಬಂತು. ಆ ಮೊದಲನೇ ಹತ್ತು ನಿಮಿಷ ಅಳಿಸ್ಬಿಡ್ಲಾ? ಅದ್ರಲ್ಲಿ ಮಾತೇ ಇಲ್ಲ."

ತಾಯಿ ಬಾಯಿ ತೆರೆಯುವಷ್ಟರಲ್ಲಿ ಅಜ್ಜಿಯೇ ಹೇಳಿದರು: "ನಡಿಗೆ ಇದೆಯಲ್ಲ. ಬೇಕಾದ್ರೆ ನಿನ್ನ ಹಾಡುಗೀಡು ಅಳಿಸ್ಕೋ."

ಕೊನೆಯ ತುಣುಕಿನಲ್ಲಿ ನೆಲವೂ ಇರಲಿಲ್ಲ. ಕ್ಯಾಮೆರಾವನ್ನು ಎಲ್ಲೋ ಕೂರಿಸಿದ್ದರು. ಕಾಣುತ್ತಿದ್ದದ್ದು ಅಡುಗೆಮನೆಯ ಹಳದಿ ಗೋಡೆ ಮಾತ್ರ. ನಲ್ಲಿ ಸುರಿಯುವ ಸದ್ದು, ಪಾತ್ರೆಗಳ ಸದ್ದು.

"ನೋಡು, ಆಫ್ ಮಾಡ್ದೆ. ಸಮಾಧಾನ ಆಯ್ತಾ?" ಅಜ್ಜನ ದನಿ.

"ಆಯ್ತು. ಕೆದರಿದ ತಲೆ, ಸೋಪಿನ ಕೈ, ಇದನ್ನೇನು ತೆಗೀತೀರಿ?" ಅಜ್ಜಿಯದೇ ದನಿ, ಹದಿನೆಂಟು ವರ್ಷ ಚಿಕ್ಕದು. "ಇನ್ನೂ ಯಾಕ್ರೀ ನೋಡ್ತಾ ನಿಂತಿದ್ದೀರಿ?"

"ಕ್ಯಾಮೆರಾಗೆ ಬೇಡ ಅಂದೆ ನೀನು, ಬಿಟ್ಟೆ. ನಾನೂ ನೋಡ್ಬಾರ್ದಾ?"

ನಲ್ಲಿ ನಿಂತಿತು. ಟೇಪಿನೊಳಗೆ ಅಜ್ಜಿ ಕಿಸಕ್ಕನೆ ನಕ್ಕದ್ದು ಕೇಳಿಸಿತು. ಆಮೇಲೂ ಟೇಪು ಓಡುತ್ತಲೇ ಇತ್ತು. ಗೋಡೆ ಹಾಗೇ ಇತ್ತು. ತಾಯಿ ಅರ್ಧ ಮಡಚಿದ ಟವೆಲನ್ನು ತೊಡೆಯ ಮೇಲೆ ಇಟ್ಟುಕೊಂಡು ಕೂತಿದ್ದಳು. ಇನ್ನೆಷ್ಟು ನಿಮಿಷ ಉಳಿದಿದೆ ಎಂದು ನೋಡಲು ಮಗಳು ಎದ್ದು ಪರದೆಯ ಮುಂದೆ ಬಾಗಿದಳು.

"ಸ್ವಲ್ಪ ಆಚೆ ಸರಿಯೇ," ಎಂದರು ಅಜ್ಜಿ, ಕತ್ತು ಚಾಚಿ. "ಅಡ್ಡ ನಿಂತಿದ್ದೀಯ, ಕಾಣಿಸ್ತಿಲ್ಲ."