ಕೊನೆಯ ಲೆವೆಲ್‌ನ ರಾಕ್ಷಸ

ವಿಡಿಯೋ ಗೇಮಿನ ಒಳಗೇ ನಡೆಯುವ ಆ ಕಾರ್ಟೂನ್ ಸಿನಿಮಾದಲ್ಲಿ ಕೊನೆಯ ಲೆವೆಲ್‌ನ ರಾಕ್ಷಸನಿಗೆ ಕನ್ನಡದಲ್ಲಿ ದನಿ ಕೊಟ್ಟವನು ನಂಜುಂಡ. ಡಬ್ಬಿಂಗ್ ನಿರ್ದೇಶಕರು ಮೂರು ದಿನ ಅವನ ಗಂಟಲು ಹಿಂಡಿ ಹಿಪ್ಪೆ ಮಾಡಿದ್ದರು.

"ಈ ರಾಕ್ಷಸ ಯಾರಿಗೂ ಹೆದರೋನಲ್ಲ ಕಣಯ್ಯಾ. ಅವನು ಕೂಗಿದ್ರೆ ಮಕ್ಕಳು ಸೀಟಿನಡಿ ಅಡಗ್ಬೇಕು. ಇಲ್ಲಾಂದ್ರೆ ಎರಡನೇ ಭಾಗಕ್ಕೆ ಬೇರೆಯವರನ್ನ ನೋಡ್ಕೋತೀನಿ."

ಮೊದಲ ಪ್ರದರ್ಶನಕ್ಕೆ ನಂಜುಂಡ ತನ್ನ ಐದು ವರ್ಷದ ಮಗಳು ಇಂಚರಾಳನ್ನು ಕರೆತಂದಿದ್ದ. ದನಿ ತನ್ನದೆಂದು ಅವಳಿಗೆ ಹೇಳಿರಲಿಲ್ಲ. ಹಿಂದಿನ ಸಾಲಿನಲ್ಲಿ ನಿರ್ದೇಶಕರು ಗಲ್ಲಕ್ಕೆ ಕೈಕೊಟ್ಟು ಕೂತಿದ್ದರು.

ರಾಕ್ಷಸ ಬಂದ. ಪುಟಾಣಿ ನಾಯಕನಿಗೆ ಉಳಿದಿದ್ದುದು ಒಂದೇ ಒಂದು ಲೈಫ್. ಅವನನ್ನು ಮುಷ್ಟಿಯಲ್ಲಿ ಎತ್ತಿ ಹಿಡಿದ ರಾಕ್ಷಸ, "ಮುಗೀತು ನಿನ್ನ ಆಟ!" ಎಂದು ಗುಡುಗಿದ. ಮಕ್ಕಳೆಲ್ಲ ಕಿಟಾರನೆ ಕಿರುಚಿದರು. ಒಬ್ಬ ಹುಡುಗನಂತೂ ಅಮ್ಮನ ಸೆರಗಿನೊಳಗೆ ತೂರಿಕೊಂಡ.

ನಿರ್ದೇಶಕರು ಮುಂದೆ ಬಾಗಿ ಭುಜ ತಟ್ಟಿದರು. "ಗೆದ್ಬಿಟ್ಟೆ ಕಣಯ್ಯಾ! ಎರಡನೇ ಭಾಗವೂ ನಿಂದೇ."

ನಂಜುಂಡ ಹಿಗ್ಗಿ ಹೀರೇಕಾಯಿಯಾದ. ಪಕ್ಕಕ್ಕೆ ತಿರುಗಿದರೆ ಮಗಳ ಸೀಟು ಖಾಲಿ. ಪಾಪ, ನನ್ನ ಕೂಸೂ ಹೆದರಿ ಅಡಗಿದೆ ಎಂದುಕೊಂಡು ಸೀಟಿನಡಿ ಬಗ್ಗಿ ಹುಡುಕಿದ. ಅಲ್ಲೂ ಇಲ್ಲ. ಗಾಬರಿಯಿಂದ ತಲೆಯೆತ್ತಿದ.

ಪರದೆಯ ಬುಡದಲ್ಲಿ ಸೊಂಟದ ಮೇಲೆ ಕೈಯಿಟ್ಟು ನಿಂತಿದ್ದ ಇಂಚರ, ರಾಕ್ಷಸನ ಮುಖ ದಿಟ್ಟಿಸಿ ಇಡೀ ಥಿಯೇಟರಿಗೆ ಕೇಳುವಂತೆ ಗದರಿದಳು:

"ಅಪ್ಪಾ, ಆ ಪಾಪುನ ಕೆಳಗಿಳ್ಸು! ಇಲ್ಲಾಂದ್ರೆ ಅಮ್ಮಂಗೆ ಹೇಳ್ಬಿಡ್ತೀನಿ!"